ನಮ್ಮ ಮುತ್ಯಾ ಕಟ್ಟಿದ ಹೋಟೆಲು

೧೯೫೯ನೆಯ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಆಗ ಆರನೆಯ ಇಯತ್ತೆಯಲ್ಲಿದ್ದೆ, ಅದೂ ಅರ್ಧ. ನನ್ನ ವಾರಿಗೆಯ ಹುಡುಗರು ಶಾಲೆ ಬಿಡಲಿಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣವಿತ್ತು. ಒಬ್ಬನಿಗೆ ದನ ಕಾಯುವುದಿತ್ತು, ಒಬ್ಬನಿಗೆ ಬೆತ್ತದ ಭಯವಿತ್ತು, ಇನ್ನೊಬ್ಬನಿಗೆ ಮದುವೆಯೇ ಆಗಿಹೋಯಿತು. ನಾನೊಬ್ಬ ಮಾತ್ರ ಒಂದು ಹೋಟೆಲಿನ ದೆಸೆಯಿಂದ ಬಿಟ್ಟೆ. ಹೋಟೆಲೆಂದರೆ ವಾಡಿ ಸ್ಟೇಶನ್ನಿನ ಮುಂದೆ ಚಹಾ, ಭಜಿ ಮಾರುವ ತಗಡಿನ ಹೋಟೆಲು ಎಂದುಕೊಳ್ಳಬೇಡಿ. ಇದು ಮುಂಬಯಿಯ ಸಮುದ್ರದ ದಂಡೆಯಲ್ಲಿ ಇಂಗ್ಲಿಷರ ಕಾಲದಲ್ಲಿ ಎದ್ದುನಿಂತದ್ದು, ಲಾಟಸಾಹೇಬರು ಇಳಿದುಕೊಳ್ಳುತ್ತಿದ್ದದ್ದು. ಅದನ್ನು ನಾನು ಆಗ ನೋಡಿರಲಿಲ್ಲ. ನೋಡಲು ಇನ್ನೂ ಇಪ್ಪತ್ತಮೂರು ವರ್ಷ ಹಿಡಿಯಿತು. ನೋಡದೆ ಇದ್ದುದರಿಂದಲೇ ಅದರ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೆ ಎಂದು ಈಗ ಅನಿಸುತ್ತದೆ.

ಈಗ ಈ ಮಾತು ತೆಗೆಯಲು ಕಾರಣ ನನ್ನ ಗಡ್ಡದ ಬ್ರಶ್ಶು. ಅದು ನಿಲ್ಲುವುದು ಕಿವಿ ಮುರಿದ ಒಂದು ಪಿಂಗಾಣಿ ಕಪ್ಪಿನಲ್ಲಿ. ಬಿಳಿಯ ಕಪ್ಪು, ಅಂಚಿಗೆ ನೀಲಿ ಗೆರೆ, ಹೊಟ್ಟೆಯ ಮೇಲೆ ಒಂದು ಪ್ರಾಣಿ. ಅದು ಸಿಂಹ ಎಂದು ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ಹೇಳುತ್ತಿದ್ದಳು. ನನಗೆ ಅದು ಯಾವಾಗಲೂ ಕುಂತ ನಾಯಿಯ ಹಾಗೆಯೇ ಕಂಡಿದೆ. ನಿನ್ನೆ ನಮ್ಮ ಮನೆಯವಳು ನಾಗಮ್ಮ ಗೂಡು ಸ್ವಚ್ಛ ಮಾಡುತ್ತ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು.

"ಈ ಒಡಕ ಕಪ್ಪ ಇನ್ನ ಎಷ್ಟ ದಿನ ಇಟ್ಕೋತೀರಿ? ಸ್ಟೀಲಿನ ಗ್ಲಾಸ ಅದ, ಅದ್ರಾಗ ಇಡ್ರಿ."

"ಅದಕ್ಕೊಂದು ಇತಿಹಾಸ ಅದ," ಎಂದೆ.

"ಅದರ ಇತಿಹಾಸ ನನಗೂ ಗೊತ್ತದ, ಊರಿಗೂ ಗೊತ್ತದ," ಎಂದು ಅವಳು ಕಪ್ಪನ್ನು ಮೊದಲಿನ ಜಾಗದಲ್ಲಿಯೇ ಇಟ್ಟಳು. ನಕ್ಕಳೋ ಇಲ್ಲವೋ, ಬೆನ್ನು ಈ ಕಡೆ ಇದ್ದುದರಿಂದ ಕಾಣಲಿಲ್ಲ.

ನಿಮ್ಮೊಬ್ಬರಿಗೆ ಗೊತ್ತಿಲ್ಲದೆ ಉಳಿಯುವುದು ಬೇಡ ಎಂದು ಬರೆಯುತ್ತಿದ್ದೇನೆ.

ನಮ್ಮೂರು ಶಹಾಬಾದಕ್ಕೂ ವಾಡಿಗೂ ನಡುವೆ. ನೆಲ ಒಂದು ಮೊಳ ಅಗೆದರೆ ಕಲ್ಲು, ಅದರ ಕೆಳಗೆ ಕಲ್ಲಿನದೇ ಇನ್ನೊಂದು ಥರ, ಅಂದರೆ ಪದರು, ಪುಸ್ತಕದ ಹಾಳೆಯ ಹಾಗೆ. ಬೇರೆಯವರಿಗೆ ಅದು ಶಹಾಬಾದಿ ಕಲ್ಲು, ನಮಗೆ ಬರೇ ಫರಸಿ. ನಮ್ಮ ಮನೆತನ ತಲೆತಲಾಂತರದಿಂದ ಫರಸಿ ಎಬ್ಬಿಸುವುದು, ಅಂಚು ಕಡಿಯುವುದು, ರೈಲಿನ ಡಬ್ಬಿಗೆ ತುಂಬುವುದು. ಅಪ್ಪನ ಅಜ್ಜ, ನಾವು ದೊಡ್ಡ ಮುತ್ಯಾ ಎನ್ನುತ್ತಿದ್ದೆವು, ಒಮ್ಮೆ ಕಲ್ಲಿನ ಜೊತೆ ತಾನೂ ಡಬ್ಬಿ ಹತ್ತಿ ಮುಂಬಯಿಗೆ ಹೋಗಿ ಎಂಟು ತಿಂಗಳು ಇದ್ದು, ಆ ಹೋಟೆಲಿನ ನೆಲ ಹಾಸಿ ಬಂದನಂತೆ. ಬರುವಾಗ ತಂದದ್ದೇ ಈ ಕಪ್ಪು. ಹೋಟೆಲು ತೆರೆದ ದಿನ ಲಾಟಸಾಹೇಬನು ಆ ನೆಲದ ಮೇಲೆ ಬೂಟು ಕಟಕಟಿಸಿ ನಡೆದು, "ಈ ಕಲ್ಲು ಹಾಸಿದವನನ್ನು ಕರೆಯಿರಿ" ಎಂದು, ತಾನು ಕುಡಿದ ಕಪ್ಪನ್ನೇ ಮುತ್ಯಾನ ಕೈಗೆ ಕೊಟ್ಟನಂತೆ. ಕಿವಿ ಹೇಗೆ ಮುರಿಯಿತು ಎಂದು ಕೇಳಿದರೆ ಆಯಿಗೆ ಸಿಟ್ಟು ಬರುತ್ತಿತ್ತು. "ರೈಲಿನಾಗ ಮುರೀತು. ಸುಮ್ಮ ಕುಂದ್ರು."

ಆಯಿ ಈ ಹೋಟೆಲಿನ ಚರಿತ್ರೆಯನ್ನು ಜೋಳ ಹಸನು ಮಾಡುತ್ತ ಹೇಳುತ್ತಿದ್ದಳು. ಮೊರ ಜೋರಾಗಿ ಆಡಿದಷ್ಟೂ ಹೋಟೆಲು ದೊಡ್ಡದಾಗುತ್ತಿತ್ತು. ನಾನು ಮೊದಲು ಕೇಳಿದಾಗ ಅದರಲ್ಲಿ ನೂರು ಖೋಲಿ ಇದ್ದವು. ಸುಗ್ಗಿ ಮುಗಿಯುವಷ್ಟರಲ್ಲಿ ಇನ್ನೂರು. ಆಯಿ ತೀರಿಕೊಳ್ಳುವ ವರ್ಷ ಅವು ನಾಲ್ಕುನೂರಕ್ಕೆ ಬಂದಿದ್ದವು, ಪ್ರತಿ ಖೋಲಿಗೂ ಒಂದು ಕುದುರೆ. ಮನುಷ್ಯರನ್ನು ಕೂಡಿಸಿ ಹಗ್ಗದಿಂದ ಮೇಲಕ್ಕೆ ಎಳೆಯುವ ಕಬ್ಬಿಣದ ತೊಟ್ಟಿಲು ಇತ್ತು. ಗೋಡೆಯಲ್ಲಿದ್ದ ನಳದ ಕಿವಿ ತಿರುವಿದರೆ ಬಿಸಿನೀರು ಬರುತ್ತಿತ್ತು. ಯಾವನೋ ನವಾಬ ಊರ ಹಾಲು ಒಗ್ಗುವುದಿಲ್ಲವೆಂದು ತನ್ನ ಎಮ್ಮೆಯನ್ನು ತಂದು ಎರಡನೆಯ ಮಾಳಿಗೆಯಲ್ಲಿ ಕಟ್ಟಿದ್ದ. ಎಲ್ಲಕ್ಕಿಂತ ನನಗೆ ಸೇರಿದ್ದು ಹಡಗಿನಲ್ಲಿ ಬರುತ್ತಿದ್ದ ಒಂದು ಬಗೆಯ ಕಲ್ಲು. ಗಾಜಿನ ಹಾಗೆ ಪಾರದರ್ಶಕ, ಕೈಯಲ್ಲಿ ಹಿಡಿದರೆ ಉರಿಯುವಷ್ಟು ತಣ್ಣಗೆ. ಸಾಹೇಬರು ಅದನ್ನು ಒಡೆದು ಕುಡಿಯುವ ನೀರಿಗೆ ಹಾಕಿಕೊಳ್ಳುತ್ತಿದ್ದರಂತೆ. ದೊಡ್ಡ ಮುತ್ಯಾ ಜೀವನವಿಡೀ ಕಲ್ಲು ಕಡಿದವನು, ಆ ಕಲ್ಲಿನ ಒಂದು ತುಂಡನ್ನು ತಂದು ತನ್ನ ಚೀಲದಲ್ಲಿ ಮುಚ್ಚಿಟ್ಟು ಬೆಳಿಗ್ಗೆ ನೋಡಿದರೆ ಅಂಗಿ ತೊಯ್ದಿತ್ತು, ಕಲ್ಲಿರಲಿಲ್ಲ. "ನಂಬಿಗಿಲ್ಲದ ಕಲ್ಲು" ಎಂದು ಅವನು ಸಾಯುವವರೆಗೂ ಅದನ್ನು ಬೈದನಂತೆ. ಇದು ಮಾತ್ರ ಖರೆ ಇರಬೇಕು. ಬರ್ಫು ನೋಡದ ಮನುಷ್ಯ ಇಂಥದನ್ನು ಹುಟ್ಟಿಸಿ ಹೇಳಲಾರ.

ಇಷ್ಟು ಚರಿತ್ರೆಯನ್ನು ಹೊಟ್ಟೆಯಲ್ಲಿ ತುಂಬಿಕೊಂಡ ಹುಡುಗ ಶಾಲೆಯಲ್ಲಿ ಸುಮ್ಮನೆ ಕೂಡುವುದು ಹೇಗೆ? ನಾವು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಉರ್ದು ಪುಸ್ತಕ ಹೋಗಿ ಕನ್ನಡ ಪುಸ್ತಕ ಬಂದಿದ್ದವು. ನಮ್ಮ ಮಾಸ್ತರರು ಒಳ್ಳೆಯವರು. ಆ ವರ್ಷ ಅವರು ಮುಂಬಯಿ ನೋಡಿಕೊಂಡು ಬಂದಿದ್ದರು, ಭೂಗೋಳದ ತಾಸಿನಲ್ಲಿ ಸಮುದ್ರ, ಟ್ರಾಮು ಎಲ್ಲ ವರ್ಣಿಸುತ್ತ ಆ ಹೋಟೆಲಿಗೆ ಬಂದರು. ಅವರು ನೋಡಿದ್ದು ರಸ್ತೆಯ ಆಚೆ ನಿಂತು.

"ಅದನ್ನ ಯಾರು ಕಟ್ಟಿದ್ರು ಅಂತ ಯಾರಿಗರೆ ಗೊತ್ತದೇನು?" ಎಂದು ಕೇಳಿದರು. ಉತ್ತರ ಬರಲಿ ಎಂದು ಕೇಳಿದ್ದಲ್ಲ. ಮುಂದೆ ತಾವೇ ಯಾವನೋ ಸಾಹೇಬನ ಹೆಸರು ಹೇಳುವವರಿದ್ದರು. ನಾನು ಎದ್ದು ನಿಂತೆ.

"ನಮ್ಮ ದೊಡ್ಡ ಮುತ್ಯಾ ಕಟ್ಯಾನ್ರಿ."

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಹಂಗಾರ ನೀ ಇಲ್ಲಿ ಗೋಣಿಚೀಲದ ಮ್ಯಾಲ ಯಾಕ ಕುಂತೀದಿ, ಭೀಮ್ಯಾ? ಅಲ್ಲಿ ನಿಂದೊಂದು ಖೋಲಿ ಖಾಲಿ ಇರಬೇಕು ನೋಡು."

ಶಾಲೆಯೆಲ್ಲ ನಕ್ಕಿತು. ಅದನ್ನಾದರೂ ತಾಳಿಕೊಳ್ಳುತ್ತಿದ್ದೆ. ನನ್ನ ಪಕ್ಕದ ಚೀಲದ ಮೇಲೆ ಮಲ್ಲಪ್ಪ ಕುಳಿತಿದ್ದ. ಅವರದೂ ಫರಸಿಯ ಮನೆತನವೇ, ಖಣಿ ನಮ್ಮ ಖಣಿಯ ಪಕ್ಕಕ್ಕೇ. ಅವನೂ ಎದ್ದು ನಿಂತ.

"ಸರ್, ಆ ಹೋಟೆಲಿಗಿ ಕಲ್ಲ ಹಾಸಿದವರು ನಮ್ಮವರ್ರಿ. ಇವರ ಮುತ್ಯಾ ನಮ್ಮ ಮುತ್ಯಾಗ ಬುತ್ತಿ ಹೊತ್ತಕೊಂಡು ಹೋಗಿದ್ದ."

ನಾನು ಪಾಟಿ ಕಂಕುಳಿಗೆ ಸಿಕ್ಕಿಸಿಕೊಂಡೆ. "ಖರೆ ಅಂತ ನೀವು ಒಪ್ಪೂತನಕ ನಾ ಈ ಸಾಲಿಗಿ ಬರಂಗಿಲ್ರಿ," ಎಂದು ಮಾಸ್ತರರಿಗೆ ಹೇಳಿ ಹೊರಗೆ ಬಂದೆ. ಯಾರಾದರೂ ಹಿಂದಿನಿಂದ ಕರೆಯುತ್ತಾರೆಂದು ಬೇವಿನ ಗಿಡದವರೆಗೆ ಬಹಳ ಸಾವಕಾಶ ನಡೆದೆ. ಕರೆಯಲಿಲ್ಲ. ಮಾಸ್ತರರು ಒಪ್ಪಲಿಲ್ಲ, ನಾನು ಹೋಗಲಿಲ್ಲ. ಒಂದು ವಾರದ ಮೇಲೆ ಅಪ್ಪ ಒಂದು ಉಳಿ, ಒಂದು ಸುತ್ತಿಗೆ ತಂದು ನನ್ನ ಮುಂದೆ ಇಟ್ಟ. ಓದು ಮುಗಿಯಿತು.

ಇಲ್ಲಿ ನಿಮಗೆ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹತ್ತು ಖಣಿಯ ಕಲ್ಲು ಒಂದೇ ರೈಲಿನ ಡಬ್ಬಿಯಲ್ಲಿ ಹೋಗುತ್ತಿದ್ದವು. ಕಲಬೆರಕೆಯಾದರೆ ಯಾರ ಕಲ್ಲು ಯಾವುದು ಎಂದು ಗೊತ್ತಾಗಬೇಕಲ್ಲ? ಅದಕ್ಕೆ ಒಂದೊಂದು ಮನೆಗೆ ಒಂದೊಂದು ಗುರುತು. ಹಾಸಲು ಹೋದವರು ತಮ್ಮ ಗುರುತಿನ ಕಲ್ಲನ್ನು ತಾವೇ ಹಾಸುವುದು ಆಗಿನ ರೂಢಿ. ನಮ್ಮದು ಮೂರು ಗೆರೆ, ಪಕ್ಕಕ್ಕೆ ಒಂದು ಚುಕ್ಕಿ. ಮಲ್ಲಪ್ಪನವರದು ಕಾಗೆ ಕಾಲು. ಈ ಗುರುತನ್ನು ಹೊಡೆಯುವುದು ಕಲ್ಲಿನ ಬೆನ್ನಿಗೆ. ಮುಖ ನುಣುಪಾಗಿರಬೇಕು, ಅಲ್ಲಿ ಉಳಿ ತಾಗಿಸಬಾರದು. ಗೌಂಡಿ ಬೆನ್ನು ಕೆಳಗೆ ಮಾಡಿ ಸುಣ್ಣದಲ್ಲಿ ಕೂಡಿಸಿದನೆಂದರೆ ಮುಗಿಯಿತು, ಗುರುತು ಮಣ್ಣಿನ ಪಾಲು. ಅಂದರೆ ನನ್ನ ಮಾತು ಖರೆಯೆಂದು ತೋರಿಸುವ ಸಾಕ್ಷಿ ಮುಂಬಯಿಯ ಆ ಹೋಟೆಲಿನಲ್ಲಿ ಕವುಚಿ ಬಿದ್ದಿತ್ತು, ಅದರ ಮೇಲೆ ಸಾಹೇಬರು ಓಡಾಡುತ್ತಿದ್ದರು.

ಈ ಪದ್ಧತಿ ನನ್ನ ಅಭಿಮಾನಕ್ಕೆ ಒಪ್ಪಿಗೆಯಾಗಲಿಲ್ಲ. ಹದಿನಾರು ವರ್ಷದವನಿದ್ದಾಗ, ಅಪ್ಪ ಚಿತ್ತಾಪುರದ ಸಂತೆಗೆ ಹೋದ ಒಂದು ದಿನ, ಸೇಡಂ ಕಡೆಗೆ ಹೋಗಬೇಕಾಗಿದ್ದ ನಲವತ್ತು ಫರಸಿಗೆ ನಮ್ಮ ಗುರುತನ್ನು ಮುಖದ ಮೇಲೆಯೇ ಹೊಡೆದೆ. ಸಣ್ಣಗೆ ಅಲ್ಲ, ಒಂದು ಗೇಣು ಉದ್ದಕ್ಕೆ. ಮುಂದಿನ ತಲೆಮಾರಿನ ಯಾವ ಮೊಮ್ಮಗನಿಗೂ ನನ್ನ ಗತಿ ಬರಬಾರದೆಂಬುದು ನನ್ನ ವಿಚಾರ. ನಾಲ್ಕನೆಯ ದಿನ ನಲವತ್ತೂ ಕಲ್ಲು ಚಕ್ಕಡಿಯಲ್ಲಿ ವಾಪಸು ಬಂದವು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಅವನ್ನು ನಮ್ಮ ದನದ ಕೊಟ್ಟಿಗೆಗೆ ಹಾಸಿಸಿದ. ಹೊಸಬರು ಬಂದವರು ಈಗಲೂ, ನಿಮ್ಮ ಮಕ್ಕಳು ಇಲ್ಲಿ ಕುಂಟಾಟ ಆಡುತ್ತಾರೇನು ಎಂದು ಕೇಳುತ್ತಾರೆ. ನಮ್ಮ ಆಕಳುಗಳು ಮಾತ್ರ ಆ ಗೆರೆಗಳಿಂದಾಗಿ ಮಳೆಗಾಲದಲ್ಲಿ ಜಾರುವುದಿಲ್ಲ.

ಹೇಗೋ ದುಡಿದೆ. ಇದನ್ನು ನಾನು ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವ ಹಾಗೆ ಕಾಣುವುದಿಲ್ಲ. ಸೂರ್ಯ ಹುಟ್ಟುವ ಮೊದಲು ಖಣಿಯಲ್ಲಿ ಇಳಿದು, ಸಬ್ಬಲು ಹಿಡಿದು ಅಂಗೈ ಹೋರಿಯ ಗೊರಸಿನಂತಾಗಿ, ಮೂವತ್ತು ದಾಟುವಷ್ಟರಲ್ಲಿ ವಾಡಿ ರಸ್ತೆಯ ಮೇಲೆ ಸ್ವಂತ ಪಾಲಿಶ್ ಮಶೀನು ಹಾಕಿದೆ. ಮುಂದೆ ಒಂದು ಬೋರ್ಡು ಬರೆಸಿದೆ. ಅದರಲ್ಲಿ ನನ್ನ ಹೆಸರು ಸಣ್ಣದಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ, ಮುಂಬಯಿಯ ದೊಡ್ಡ ಹೋಟೆಲಿಗೆ ಕಲ್ಲು ಹಾಸಿದ ಮನೆತನ, ಎಂದು ಇತ್ತು. ಮಲ್ಲಪ್ಪ ಆ ದಾರಿಯಲ್ಲಿ ಹೋಗುವಾಗಲೆಲ್ಲ ಸೈಕಲ್ಲಿನಿಂದ ಒಂದು ಕಾಲು ಇಳಿಸಿ ನಿಂತು ಬೋರ್ಡು ಓದುತ್ತಿದ್ದ, ಮೊದಲ ಸಲ ಓದುವವನ ಹಾಗೆ.

"ಏನ್ ಸಾವಕಾರ್ರ, ಖೋಲಿ ಎಷ್ಟು ಖಾಲಿ ಅವ ಇವತ್ತ?"

"ನಿಮ್ಮ ಮುತ್ಯಾ ರೈಲಿಗಿ ಕಲ್ಲ ತುಂಬಿ ಮನಿಗಿ ಹೋಗಿ ಮಲಗಿದ್ದ. ನಿನಗೇನು ಗೊತ್ತು ಹೋಟೆಲಿಂದು," ಎಂದು ನಾನು ಒಳಗಿನಿಂದಲೇ ಹೇಳುತ್ತಿದ್ದೆ. ಶಾಲೆ ಬಿಟ್ಟಾಗಿನಿಂದ ಇಪ್ಪತ್ತು ವರ್ಷ ನಮ್ಮಿಬ್ಬರ ದೋಸ್ತಿ ಹೀಗೆಯೇ ನಡೆಯಿತು. ಅವನ ಮದುವೆಗೆ ಫರಸಿ ಹಾಸಿಕೊಟ್ಟವನು ನಾನು. ನನ್ನ ಮಗಳಿಗೆ ಹೆಸರಿಡುವ ಬಾರಸಕ್ಕೆ ತೊಟ್ಟಿಲು ತಂದವನು ಅವನು. ಆದರೆ ಹೋಟೆಲಿನ ವಿಷಯದಲ್ಲಿ ಇಬ್ಬರೂ ಒಂದು ಗೇಣು ಹಿಂದೆ ಸರಿಯಲಿಲ್ಲ.

೧೯೮೨ರಲ್ಲಿ ಒಬ್ಬ ಠೇಕೇದಾರ ನನ್ನ ಬೋರ್ಡಿನ ಮುಂದೆ ಜೀಪು ನಿಲ್ಲಿಸಿದ. ಮುಂಬಯಿಯವನು. ಬೋರ್ಡನ್ನು ಇನ್ನೊಬ್ಬರಿಂದ ಓದಿಸಿಕೊಂಡು ಒಳಗೆ ಬಂದ. ಅದೇ ಹೋಟೆಲಿನ ದೊಡ್ಡ ಹಾಲಿನ ನೆಲದಲ್ಲಿ ನೀರಿನ ಪಸೆ ಏಳುತ್ತಿದೆ, ಹಳೆಯ ಫರಸಿ ಎಬ್ಬಿಸಿ ಹೊಸದು ಕೂಡಿಸಬೇಕು, ಬಣ್ಣ ಮತ್ತು ದಪ್ಪ ಮೊದಲಿನಂತೆಯೇ ಇರಬೇಕು, ಕಲ್ಲು ಎಬ್ಬಿಸುವಾಗ ಬಂದು ಬೆನ್ನು ನೋಡಿ ಇದು ಯಾವ ಖಣಿಯ ಯಾವ ಥರ ಎಂದು ಹೇಳುತ್ತೀರಾ, ಎಂದು ಹಿಂದಿಯಲ್ಲಿ ಕೇಳಿದ.

ನಾನು ಮಶೀನು ಬಂದ್ ಮಾಡಿ ಅದನ್ನು ಇನ್ನೊಮ್ಮೆ ಹೇಳಿಸಿದೆ. ಕಲ್ಲು ಎಬ್ಬಿಸುತ್ತಾರೆ. ತಿರುವಿ ಹಾಕುತ್ತಾರೆ. ಬೆನ್ನು ಮೇಲೆ ಬರುತ್ತದೆ. ಮೂರು ಗೆರೆ ಒಂದು ಚುಕ್ಕಿ ಕಂಡರೆ ನಾನು ಶಾಲೆ ಬಿಟ್ಟದ್ದಕ್ಕೆ ಅರ್ಥವಿತ್ತು. ಕಾಣದಿದ್ದರೆ, ಒಬ್ಬ ಮುದುಕಿ ಜೋಳ ಹಸನು ಮಾಡುತ್ತ ಹೇಳಿದ ಕತೆಯ ಸಲುವಾಗಿ ನಾನು ಓದು ಕಳೆದುಕೊಂಡ ಹಾಗೆ. ಸಾಕ್ಷಿಯಿಲ್ಲದೆ ಹೋಗಬಾರದೆಂದು ಮಲ್ಲಪ್ಪನನ್ನೂ ಹೊರಡಿಸಿದೆ. ಅವನು ಸೋಲುವುದನ್ನು ನೋಡಲು ಅವನ ಟಿಕೇಟನ್ನು ನಾನೇ ತೆಗೆಸಿದೆ. ಅವನು ಪ್ಲಾಟ್‌ಫಾರ್ಮಿಗೆ ಬಂದದ್ದು ಒಂದು ದೊಡ್ಡ ಗಂಟಿನ ಜೊತೆ. ಸಜ್ಜೆ ರೊಟ್ಟಿ, ಶೇಂಗಾದ ಹಿಂಡಿ, ಪುಂಡಿಪಲ್ಯ.

"ಈ ಸರ್ತಿ ಬುತ್ತಿ ನಾ ಹೊತ್ತೀನಿ," ಎಂದ. "ನಿಮ್ಮ ಮುತ್ಯಾನ ಆತ್ಮಕ್ಕ ಶಾಂತಿ ಸಿಗಲಿ."

ಹೋಟೆಲು ಆಯಿ ಹೇಳಿದ್ದಕ್ಕಿಂತ ಸಣ್ಣದಿತ್ತು, ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಗುಮ್ಮಟ, ಕಮಾನು, ಬಿಸಿಲಿಗೆ ಹೊಳೆಯುವ ಹಿತ್ತಾಳೆಯ ಹಿಡಿಕೆಗಳು. ಬಾಗಿಲಲ್ಲಿ ನಿಂತವನ ಮೀಸೆ, ರುಮಾಲು ನೋಡಿ ನಾನು ಅವನಿಗೇ ನಮಸ್ಕಾರ ಮಾಡಿದೆ. ಅವನು ನಮ್ಮ ಗಂಟು ನೋಡಿ ಹಿಂಬಾಗಿಲು ತೋರಿಸಿದ. ಮಲ್ಲಪ್ಪ ನನ್ನ ಕಿವಿಯಲ್ಲಿ, "ನಿನ್ನ ಹೋಟೆಲಿನಾಗ ನಿನಗೇ ಮುಂದಿನ ಬಾಗಿಲು ಇಲ್ಲಲ್ಲೋ," ಎಂದ.

ಒಳಗೆ ಕಚೇರಿಯ ಕಾರಕೂನ ನಮ್ಮನ್ನು ಕೂಡಿಸಿದ. ಮೇಜಿನ ಮೇಲೆ ಹೋಟೆಲಿನ ಚರಿತ್ರೆಯ ಒಂದು ಚೆಂದದ ಪುಸ್ತಕವಿತ್ತು, ಇಂಗ್ಲಿಷಿನದು. ಆರನೆಯ ಇಯತ್ತೆ ಪೂರ್ತಿ ಮಾಡಿದ್ದರೆ ನಾನೇ ಓದುತ್ತಿದ್ದೆನೋ ಏನೋ. ನೆಲದ ಬಗ್ಗೆ ಏನು ಬರೆದಿದ್ದಾರೆ ನೋಡಿ ಹೇಳಿರಿ ಎಂದು ಕೇಳಿಕೊಂಡೆ. ಅವನು ಹಾಳೆ ತಿರುವಿದ. ನಕ್ಷೆ ಬರೆದವನ ಹೆಸರಿತ್ತು, ಕಬ್ಬಿಣದ ಕಂಬ ಬಂದ ಹಡಗಿನ ಹೆಸರಿತ್ತು, ಉಂಡುಹೋದ ರಾಜರ ಹೆಸರುಗಳು ಎರಡು ಪುಟ ಇದ್ದವು. ನೆಲದ ಬಗ್ಗೆ ಒಂದು ಸಾಲು ಸಿಕ್ಕಿತು, ಅದು ಈ ದೇಶದ ಕಲ್ಲಿನದು ಎಂದು. ಅಷ್ಟೇ. ಎಮ್ಮೆಯ ವಿಷಯ ಕೇಳಬೇಕೆನಿಸಿತು, ಧೈರ್ಯವಾಗಲಿಲ್ಲ.

ಹಾಲಿನಲ್ಲಿ ಗಾಲೀಚ ಸುತ್ತಿ ಗೋಡೆಗೆ ಒರಗಿಸಿದ್ದರು. ಅಷ್ಟು ವರ್ಷ ಅದರ ಅಡಿಗಿದ್ದ ಫರಸಿ ಈಗ ತಾನೇ ಕಡಿದ ಹಾಗೆ ನೀಲಿಯಾಗಿತ್ತು. ಇಬ್ಬರು ಆಳುಗಳು ಸಬ್ಬಲು ಕೊಟ್ಟು ಮೊದಲನೆಯ ಕಲ್ಲು ಎಬ್ಬಿಸಿ ತಿರುವಿದರು. ಮೂರನೆಯವನು ಸುಣ್ಣ ಕೆರೆದು ಹಸಿ ಅರಿವೆಯಿಂದ ಒರೆಸಿದ. ನಾನು ಮೊಣಕಾಲೂರಿ ಕೂತೆ.

ಕಾಗೆ ಕಾಲು.

"ಮುಂದಿಂದು ತೆಗೀರಿ," ಎಂದೆ. ಮುಂದಿನದೂ ಕಾಗೆ ಕಾಲು. ಅದರ ಮುಂದಿನದು, ಕಂಬದ ಹತ್ತಿರದ್ದು, ಬಾಗಿಲಿನ ಕಡೆಯದು, ಹನ್ನೊಂದು ಕಲ್ಲು ತಿರುವಿಸಿದೆ. ಹನ್ನೊಂದೂ ಕಾಗೆ ಕಾಲು, ಒಂದು ಕಾಗೆ ಸಾಹೇಬರ ಹಾಲಿನ ತುಂಬ ನಡೆದುಹೋದ ಹಾಗೆ.

ಮಲ್ಲಪ್ಪ ಈಗ ಏನಾದರೂ ಅನ್ನುತ್ತಾನೆ ಎಂದು ನಾನು ಕುತ್ತಿಗೆ ಬಗ್ಗಿಸಿಕೊಂಡು ಕಾದೆ. ಅವನು ಚಪ್ಪಲಿ ಬಿಟ್ಟು ಬಂದು ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಗುರುತಿನ ಮೇಲೆ ಬೆರಳಾಡಿಸುತ್ತಿದ್ದ.

"ನಮ್ಮ ಮುತ್ಯಾ ಎಡಚ ಇದ್ನಂತ," ಎಂದ. "ನೋಡು ಭೀಮ್ಯಾ, ಕೊನೀ ಗೆರಿ ಹ್ಯಾಂಗ ವಾರಿ ಆಗ್ಯಾದ."

ನಾನು ನೋಡಿದೆ. ವಾರೆಯಾಗಿತ್ತು. ಎದ್ದು ಠೇಕೇದಾರನನ್ನು ಕೇಳಿದೆ, ಈ ಮನೆಯಲ್ಲಿ ಇನ್ನೆಲ್ಲಿಯಾದರೂ ಹಳೆಯ ಫರಸಿ ಇದೆಯೇ ಎಂದು. ನನ್ನ ಮುಖ ನೋಡಿ ಅವನಿಗೆ ಏನನಿಸಿತೋ, ಹಿಂದೆ ಭಾಂಡೆ ತೊಳೆಯುವ ಕಡೆ ಇದೆ, ನಳ ಒಡೆದು ಒಂದು ಕಲ್ಲು ತೆಗೆದಿದ್ದಾರೆ, ಅಲ್ಲಿ ನೋಡುವುದೇನಿದೆ, ಎಂದ.

ಮೆಟ್ಟಿಲಿಳಿದು ಹೋದೆವು. ಗುಮ್ಮಟವೂ ಇಲ್ಲ, ಹಿತ್ತಾಳೆಯೂ ಇಲ್ಲ. ಉದ್ದನೆಯ ಒಂದು ಖೋಲಿ, ಸಾಲಾಗಿ ನಳ, ನೆಲದ ತುಂಬ ನೀರು, ರಾಶಿ ರಾಶಿ ತಾಟು. ಅಲ್ಲಿಯ ಫರಸಿ ತುಳಿದು ತುಳಿದು ತಟ್ಟೆಯ ಹಾಗೆ ತಗ್ಗು ಬಿದ್ದಿತ್ತು. ನಡುವೆ ಒಬ್ಬ ವಯಸ್ಸಾದ ಹೆಣ್ಣುಮಗಳು ಕಚ್ಚೆ ಹಾಕಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ನಾನು ಮಲ್ಲಪ್ಪನಿಗೆ ಏನೋ ಅಂದದ್ದು ಅವಳ ಕಿವಿಗೆ ಬಿತ್ತು.

"ಯಾ ಊರವರಪಾ ನೀವು? ನಮ್ಮ ಮಾತ ಆಡ್ಲಿಕತ್ತೀರಿ."

"ಶಹಾಬಾದ ಕಡಿಯವರವ್ವಾ. ನೀವು?"

"ನಾ ಸುಲೇಪೇಟದಾಕಿ. ಈರಮ್ಮ ಅಂತಾರ. ಮೂವತ್ತ ವರ್ಷ ಆಯ್ತು ಇಲ್ಲಿ ಬಂದು. ಕುಂತು ಕುಂತು ಕಲ್ಲ ಸವದು ಹೋಯ್ತು, ನಾ ಹಂಗೇ ಇದ್ದೀನಿ."

ನಳದ ಬುಡದಲ್ಲಿ ತೆಗೆದಿಟ್ಟ ಕಲ್ಲು ಗೋಡೆಗೆ ಒರಗಿತ್ತು, ಅರ್ಧಕ್ಕೆ ಸೀಳಿತ್ತು. ನಾನು ತಿರುವಿ ಅಂಗೈಯಿಂದ ಒರೆಸಿದೆ. ಮೂರು ಗೆರೆ. ಪಕ್ಕಕ್ಕೆ ಒಂದು ಚುಕ್ಕಿ.

ಖುಷಿಯಾಗಬೇಕಾಗಿತ್ತು. ಆಯಿತು ಕೂಡ, ಒಂದು ಕ್ಷಣ. ಆಮೇಲೆ ನನ್ನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕಿವಿ ಮುರಿದ ಕಪ್ಪುಗಳು ತುಂಬಿದ್ದವು. ಬಿಳಿಯವು, ಅಂಚಿಗೆ ನೀಲಿ ಗೆರೆ, ಹೊಟ್ಟೆಯ ಮೇಲೆ ಕುಂತ ನಾಯಿ.

ನಾನು ನೋಡುವುದನ್ನು ಈರಮ್ಮ ನೋಡಿದಳು. "ಕಿವಿ ಹೋಗಿದ್ದು ಮ್ಯಾಲ ಹೋಗಂಗಿಲ್ರಿ, ಅದು ಇಲ್ಲಿ ಮೊದಲಿನಿಂದ ಪದ್ಧತಿ. ಬೇಕಾದ್ರ ಒಂದು ತಗೊಂಡ ಹೋಗ್ರಿ. ಇಲ್ಲಿ ಕೆಲಸಕ್ಕ ಬಂದವರೆಲ್ಲ ಒಂದೊಂದು ಒಯ್ತಾರ."

ಮಲ್ಲಪ್ಪ ಗೋಡೆಯ ಕಡೆ ತಿರುಗಿ ನಿಂತ. ನಮ್ಮ ಮನೆಯ ಕಪ್ಪನ್ನು, ಲಾಟಸಾಹೇಬನ ಕತೆಯನ್ನು ಅವನು ಸಣ್ಣವನಿದ್ದಾಗಿನಿಂದ ಬಲ್ಲ. ಅವನ ಭುಜ ಎರಡೂ ಕುಣಿಯುತ್ತಿದ್ದವು. ನನಗೂ ನಗು ಬರಬೇಕಾಗಿತ್ತು, ಆಗ ಬರಲಿಲ್ಲ. ಅದು ಬಂದದ್ದು ತಿರುಗಿ ಬರುವಾಗ, ಸೊಲ್ಲಾಪುರ ದಾಟಿದ ಮೇಲೆ. ಬಂದಾಗ ಎಷ್ಟು ಬಂತೆಂದರೆ ಎದುರಿನ ಸೀಟಿನವರು ಜಾಗ ಬದಲಿಸಿದರು.

ಹೊರಡುವಾಗ ಈರಮ್ಮ ನನ್ನನ್ನು ಕೇಳಿದಳು, "ಇಲ್ಲಿಗೂ ಹೊಸಾ ಫರಸಿ ಹಾಕ್ತೀರೇನು? ನುಣ್ಣಂದು ಹಾಕಬ್ಯಾಡ್ರಪಾ. ಇದರ ಮ್ಯಾಲ ಕಾಲು ಜಾರಿ ಬಿದ್ದವರನ್ನ ನಾ ಇನ್ನಾ ನೋಡಿಲ್ಲ. ಮ್ಯಾಲಿನ ಫರಸಿ ಹ್ಯಾಂಗದನೋ ನನಗೇನು ಗೊತ್ತು, ನಾ ಒಮ್ಮಿನೂ ಮ್ಯಾಲ ಹೋಗಿಲ್ಲ."

ಈ ನೆಲ ಇನ್ನೂ ನೂರು ವರ್ಷ ತಾಳುತ್ತದೆ, ಒಂದು ಕಲ್ಲು ಬಿಟ್ಟು ಬೇರೆ ಮುಟ್ಟಬೇಡಿರೆಂದು ಠೇಕೇದಾರನಿಗೆ ಹೇಳಿದೆ. ಅವನು ಒಪ್ಪಿದ. ಹಾಲಿನ ಕಲ್ಲು ಮಲ್ಲಪ್ಪನ ಖಣಿಯ ಮೂರನೆಯ ಥರದ್ದು, ಅಲ್ಲಿಯದೇ ತರಿಸಬೇಕೆಂದೂ ಹೇಳಿದೆ. ಈ ಮಾತು ಬಾಯಿಂದ ಹೊರಡಲು ಸ್ವಲ್ಪ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಸೀಳಿದ ಕಲ್ಲಿನ ಗುರುತಿದ್ದ ಅರ್ಧವನ್ನು ಕೇಳಿ ಪಡೆದು, ಬುತ್ತಿಯ ಬಟ್ಟೆಯಲ್ಲಿ ಕಟ್ಟಿ ಹೊತ್ತೆ. ಮಲ್ಲಪ್ಪ ಕೈ ಬೀಸಿಕೊಂಡು ಮುಂದೆ ನಡೆದ. ದೊಡ್ಡ ಮುತ್ಯಾ ಅವರ ಮುತ್ಯಾನ ಹಿಂದೆ ಗಂಟು ಹೊತ್ತು ಹೀಗೆಯೇ ನಡೆದಿದ್ದನೇ ಎಂಬ ಸಂಶಯ ಬಂತು. ಆ ಪ್ರಶ್ನೆಗೆ ಗುರುತಿರುವ ಕಲ್ಲು ಎಲ್ಲಿಯೂ ಇಲ್ಲ, ಅಷ್ಟು ಪುಣ್ಯ.

ವಾಡಿಯಲ್ಲಿ ಇಳಿದಾಗ ಬಿಸಿಲು ಏರಿತ್ತು. ನಮ್ಮ ಮಾಸ್ತರರು ಪೆನ್ಶನ್ನಿಗೆ ಬಂದ ಮೇಲೆ ವಾಡಿಯಲ್ಲಿಯೇ ಮನೆ ಮಾಡಿದ್ದರು, ದಿನಾಲು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದರು. ಅವತ್ತೂ ಇದ್ದರು. ನಾನು ಗಂಟು ಮರೆಮಾಡಿಕೊಂಡು ದಾಟಿಹೋಗಲು ನೋಡಿದೆ. ಮಲ್ಲಪ್ಪ ನಿಂತ.

"ಸರ್, ಆ ಹೋಟೆಲ ನೋಡಿ ಬಂದೀವ್ರಿ. ಭೀಮ್ಯಾ ಅವತ್ತ ಹೇಳಿದ್ದು ಖರೆ ಅದರಿ. ಇವರ ಮುತ್ಯಾನ ಗುರುತು ಅಲ್ಲಿ ಅದ. ನಾ ಕಣ್ಣಾರೆ ನೋಡೀನಿ."

ಹನ್ನೊಂದು ಕಾಗೆ ಕಾಲಿನ ಸುದ್ದಿ ತೆಗೆಯಲೇ ಇಲ್ಲ. ಮಾಸ್ತರರು ಪೇಪರು ಮಡಿಚಿ ನನ್ನನ್ನು ನೋಡಿದರು. ಇಪ್ಪತ್ತಮೂರು ವರ್ಷ ನಾನು ಕಾದ ನೋಟ ಅದು. ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. 'ಹೌದ್ರಿ' ಎಂದು ಒಂದು ಮಾತು ಅಂದರೂ ಆಗುತ್ತಿತ್ತು. ಆದರೆ ಮಲ್ಲಪ್ಪ ದಾನ ಕೊಟ್ಟದ್ದನ್ನು ಕೈ ಚಾಚಿ ತಗೊಳ್ಳುವ ಮನುಷ್ಯ ನಾನಲ್ಲ. ಇದು ಒಳ್ಳೆಯ ಗುಣವೋ ಕೆಟ್ಟ ಗುಣವೋ, ಶಾಲೆ ಬಿಡಿಸಿದ್ದೂ ಇದೇ ಗುಣ.

"ದೊಡ್ಡ ಹಾಲಿಗಿ ಇವರ ಮುತ್ಯಾ ಹಾಸ್ಯಾನ್ರಿ, ಸರ್," ಎಂದೆ. "ನಮ್ಮ ಮುತ್ಯಾ ಹಾಸಿದ್ದು ಭಾಂಡೆ ತೊಳಿಯೋ ಖೋಲಿ. ನಮ್ಮ ಮನ್ಯಾಗಿನ ಕಪ್ಪೂ ಲಾಟಸಾಹೇಬ ಕೊಟ್ಟಿದ್ದಲ್ರಿ. ಅಲ್ಲಿ ಮೂಲ್ಯಾಗ ಬಿದ್ದಿದ್ದು." ಗಂಟು ಬಿಚ್ಚಿ ಕಲ್ಲನ್ನು ಬೆಂಚಿನ ಮೇಲೆ ಇಟ್ಟೆ.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಮೂರು ಗೆರೆ ಎಣಿಸಿದರು, ಚುಕ್ಕಿ ಮುಟ್ಟಿದರು. ನಗಲಿಲ್ಲ.

"ಖೋಲಿ ಯಾವದರೆ ಇರಲಿ, ಹೋಟೆಲ ಅದೇ ಅಲ್ಲೇನು?" ಎಂದರು. "ನಾ ಒಪ್ಪಿದೆ. ನಾಳಿಂದ ಸಾಲಿಗಿ ಬಾ."

ನನಗೆ ಆಗ ಮೂವತ್ತೈದು ವರ್ಷ. ಮಲ್ಲಪ್ಪ ಇದ್ದಾನೆಂದು ಮುಖ ಒರೆಸಿಕೊಳ್ಳುವ ನೆವ ಮಾಡಿದೆ. ಅವನು ಸಿಗ್ನಲ್ಲಿನ ಕಡೆ ನೋಡುತ್ತಿದ್ದ, ಆ ಹೊತ್ತಿಗೆ ಯಾವ ಗಾಡಿಯೂ ಇರಲಿಲ್ಲ.

ಬೋರ್ಡು ತಿದ್ದಿಸಿದೆ. ಹೋಟೆಲಿನ ಭಾಂಡೆ ತೊಳೆಯುವ ಖೋಲಿಗೆ ಕಲ್ಲು ಹಾಸಿದ ಮನೆತನ. ಪೇಂಟರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮಲ್ಲಪ್ಪ ಈಗಲೂ ಸೈಕಲ್ಲಿನಿಂದ ಕಾಲಿಳಿಸಿ ಓದುತ್ತಾನೆ, ಆದರೆ ಖೋಲಿ ಖಾಲಿ ಇವೆಯೇ ಎಂದು ಕೇಳುವುದಿಲ್ಲ. "ಭಾಂಡೆ ತೊಳಿಯೂದು ಮುಗೀತೇನ್ರಿ ಸಾವಕಾರ್ರ?" ಎಂದು ಕೇಳುತ್ತಾನೆ. ಆ ಅರ್ಧ ಕಲ್ಲನ್ನು ಮನೆಯ ಮುಂದಿನ ಗೋಡೆಯಲ್ಲಿ, ಗುರುತು ಹೊರಗೆ ಕಾಣುವ ಹಾಗೆ ಕೂಡಿಸಬೇಕೆಂದು ಸುಣ್ಣ ಕಲಸಿ ಇಟ್ಟಿದ್ದೆ. ನಾನು ಖಣಿಗೆ ಹೋಗಿ ಬರುವಷ್ಟರಲ್ಲಿ ನಾಗಮ್ಮ ಅದನ್ನು ಹಿತ್ತಲಿಗೆ ಒಯ್ದು ತನಗೆ ಬೇಕಾದ ಕಡೆ ಹಾಸಿಕೊಂಡಿದ್ದಳು. "ಇದರ ಮ್ಯಾಲ ಕಾಲು ಜಾರಂಗಿಲ್ಲ," ಎಂದಳು. ಈರಮ್ಮನ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಖಣಿ ಒಂದು. ಪಾಲಿಶ್ ಮಶೀನು ಎರಡು. ಕೆಲಸದವರು ಹದಿನಾಲ್ಕು ಜನ. ಮಕ್ಕಳು ಮೂವರು, ಮೂವರೂ ಶಾಲೆಗೆ ಹೋಗುತ್ತಾರೆ. ಓದು ಐದೂವರೆ ಇಯತ್ತೆ. ದೋಸ್ತ ಒಬ್ಬ. ಕಿವಿ ಇಲ್ಲದ ಕಪ್ಪು ಒಂದು. ಗುರುತು ಮೇಲಾದ ಕಲ್ಲು ನಲವತ್ತು, ದನದ ಕೊಟ್ಟಿಗೆಯಲ್ಲಿ. ಗುರುತು ಕೆಳಗಾದ ಕಲ್ಲು ಅರ್ಧ, ನಾಗಮ್ಮ ಭಾಂಡೆ ತಿಕ್ಕುವ ಕಡೆ.